ದೇವನಹಳ್ಳಿ ಗೇಟಿನ ನಂಬಿಕೆ ಪರೀಕ್ಷೆ

ವಿಜಯಪುರ, ದೊಡ್ಡಬಳ್ಳಾಪುರ ಕಡೆಯ ಹುಡುಗನೊಬ್ಬನಿಗೆ ದೇವನಹಳ್ಳಿಯ ಏರ್‌ಪೋರ್ಟಿನಲ್ಲಿ ಕೆಲಸ ಸಿಕ್ಕಿತೆಂದರೆ ಮನೆಯವರು ಮೊದಲು ಕೇಳುವುದು ಸಂಬಳವನ್ನಲ್ಲ, 'ಪಾಸ್ ಬಂತಾ?' ಎಂದು. ಸಂದರ್ಶನ ಮುಗಿದು ಆಫರ್ ಲೆಟರ್ ಕೈಸೇರಿದ್ದರೂ ಏರ್‌ಪೋರ್ಟ್ ಎಂಟ್ರಿ ಪರ್ಮಿಟ್ ಕೊರಳಿಗೆ ಬೀಳುವ ತನಕ ಆ ಕೆಲಸಕ್ಕೆ ಅರ್ಥವಿಲ್ಲ. ಲಗೇಜ್ ಹೇರುವವರು, ಟರ್ಮಿನಲ್ ಒಳಗೆ ಕಾಫಿ ಕೊಡುವವರು, ವಿಮಾನ ಸ್ವಚ್ಛ ಮಾಡುವವರು, ಎಲ್ಲರಿಗೂ ಇದು ಬೇಕೇಬೇಕು. ಪಾಸಿಗೆ ಮುಂಚೆ ಪೊಲೀಸ್ ವೆರಿಫಿಕೇಶನ್ ಆಗಬೇಕು. ಅಭ್ಯರ್ಥಿಯ ಪೂರ್ವಾಪರ ಠಾಣೆಯಿಂದ ತಿಳಿದು ಬರಬೇಕು.

ಈ ಪಾಸು ಕೊಡುವ ಸಂಸ್ಥೆ ಹುಟ್ಟಿದ್ದು ಎರಡು ಘಟನೆಗಳಿಂದ. 1976ರ ಸೆಪ್ಟೆಂಬರ್ 10ರಂದು ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದನ್ನು ಅಪಹರಿಸಿ ಲಾಹೋರಿಗೆ ಒಯ್ಯಲಾಯಿತು. ಆನಂತರ ನೇಮಕವಾದ ಪಾಂಡೆ ಸಮಿತಿಯ ಶಿಫಾರಸಿನಂತೆ 1978ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದೊಳಗೆ ಒಂದು ಭದ್ರತಾ ಘಟಕ ಶುರುವಾಯಿತು. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ಐರ್ಲೆಂಡ್ ಕರಾವಳಿಯಾಚೆ ಆಕಾಶದಲ್ಲೇ ಸ್ಫೋಟಗೊಂಡಿತು. ಬಾಂಬಿದ್ದ ಸೂಟ್‌ಕೇಸ್ ವಿಮಾನ ಏರಿತ್ತು, ಅದನ್ನು ಕೊಟ್ಟವನು ಏರಿರಲಿಲ್ಲ. ಸತ್ತವರು 329 ಮಂದಿ. ಹಳೆಯ ಘಟಕ 1987ರ ಏಪ್ರಿಲ್ 1ರಂದು ಸ್ವತಂತ್ರ ಇಲಾಖೆಯಾಯಿತು. ಅದೇ ಇಂದಿನ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ. 2008ರ ಮೇ 24ರಂದು ದೇವನಹಳ್ಳಿಯಲ್ಲಿ ವಿಮಾನ ಹಾರಾಟ ಶುರುವಾದಾಗ ಪಾಸಿನ ಈ ನಿಯಮವೂ ಜೊತೆಗೇ ಬಂತು. ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಮನೆಗಳ ಮಕ್ಕಳು ತಾವು ನಂಬಿಕಸ್ಥರೆಂದು ಕಾಗದದಲ್ಲಿ ತೋರಿಸಬೇಕಾಯಿತು.

ಮನುಷ್ಯನ ನಿಜವನ್ನು ಯಂತ್ರವೇ ಹೇಳುವುದಾದರೆ ಇಷ್ಟೆಲ್ಲ ಓಡಾಟ ಯಾಕೆ? ಅಮೆರಿಕ ಈ ದಾರಿ ಹಿಡಿದು ನೋಡಿದೆ. ಸಿಐಎ, ಎನ್ಎಸ್ಎಯಂಥ ಬೇಹುಗಾರಿಕಾ ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರುವವರು ಪಾಲಿಗ್ರಾಫ್ ಎಂಬ ಸುಳ್ಳು ಪತ್ತೆ ಯಂತ್ರದ ಮುಂದೆ ಕೂರಲೇಬೇಕು. ಎದೆಗೂ ಹೊಟ್ಟೆಗೂ ಸುತ್ತಿದ ರಬ್ಬರ್ ಕೊಳವೆ ಉಸಿರನ್ನು ಅಳೆಯುತ್ತದೆ, ತೋಳಿನ ಪಟ್ಟಿ ರಕ್ತದೊತ್ತಡವನ್ನು, ಬೆರಳಿನ ಎಲೆಕ್ಟ್ರೋಡುಗಳು ಬೆವರನ್ನು. ಇದು ಅಳೆಯುವುದು ದೇಹದ ಗಾಬರಿಯನ್ನು. ಸುಳ್ಳು ಹೇಳುವವನು ಗಾಬರಿಯಾಗುತ್ತಾನೆ, ನಿಜ ಹೇಳುವವನು ಆಗುವುದಿಲ್ಲ ಎಂಬ ಊಹೆಯ ಮೇಲೆ ಇಡೀ ವಿದ್ಯೆ ನಿಂತಿದೆ. ಸೋವಿಯತ್ ಪರ ಬೇಹುಗಾರಿಕೆ ಮಾಡಿದ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1986ರಲ್ಲೂ 1991ರಲ್ಲೂ ಈ ಪರೀಕ್ಷೆ ಪಾಸಾದ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ಒಂದು ಲೆಕ್ಕ ಮುಂದಿಟ್ಟಿತು. ಹತ್ತು ಸಾವಿರ ನೌಕರರಲ್ಲಿ ಹತ್ತು ಗೂಢಚಾರರಿದ್ದಾರೆ ಎನ್ನೋಣ. ಎಂಟು ಮಂದಿಯಾದರೂ ಸಿಕ್ಕಿಬೀಳುವಷ್ಟು ಬಿಗಿಯಾಗಿ ಪರೀಕ್ಷೆ ಮಾಡಿದರೆ ಸುಮಾರು 1,600 ನಿರಪರಾಧಿಗಳೂ ಫೇಲಾಗುತ್ತಾರೆ. ಅವರು ನೊಂದುಕೊಳ್ಳಲಿ ಬಿಡಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮೊದಲ ಸಲ ಖಾಕಿ ಮುಂದೆ ಕೂತ ಹಳ್ಳಿಯ ಹುಡುಗಿಯ ಬೆರಳು ಬೆವರದೆ ಇರುತ್ತದೆಯೇ?

ನಮ್ಮಲ್ಲಿ ಆ ಯಂತ್ರಕ್ಕೆ ಕಡಿವಾಣ ಹಾಕಿದ ತೀರ್ಪಿನ ಹೆಸರಿನಲ್ಲೇ ಕರ್ನಾಟಕವಿದೆ. ಬೆಂಗಳೂರಿನ ಕೋರಮಂಗಲ ಠಾಣೆಯ ಪ್ರಕರಣವೊಂದರಲ್ಲಿ ಆರೋಪಿಗಳನ್ನು ಇಂಥ ಪರೀಕ್ಷೆಗಳಿಗೆ ಒಳಪಡಿಸಲು ಪೊಲೀಸರು ಹೊರಟಾಗ ವ್ಯಾಜ್ಯ ಎದ್ದಿತು. ಅದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಎಂಬ ಹೆಸರಿನಲ್ಲಿ, ಬೇರೆ ಕಡೆಯ ಅರ್ಜಿಗಳೊಂದಿಗೆ ಸೇರಿ ಸುಪ್ರೀಂ ಕೋರ್ಟ್ ತಲುಪಿತು. ಆ ವರ್ಷಗಳಲ್ಲಿ ಮದ್ದು ಕೊಟ್ಟು ಪ್ರಶ್ನಿಸುವ ನಾರ್ಕೋ ಪರೀಕ್ಷೆ ಎಂದರೆ ದೇಶವೆಲ್ಲ ಬೆಂಗಳೂರಿನ ಕಡೆ ನೋಡುತ್ತಿತ್ತು, ಛಾಪಾ ಕಾಗದ ಹಗರಣದ ತೆಲಗಿಯ ಪರೀಕ್ಷೆ ನಡೆದದ್ದೂ ಇಲ್ಲೇ. 2010ರ ಮೇ 5ರಂದು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ಪೀಠ ಸ್ಪಷ್ಟವಾಗಿ ಹೇಳಿತು: ಒಪ್ಪಿಗೆಯಿಲ್ಲದೆ ಯಾರನ್ನೂ ನಾರ್ಕೋ, ಪಾಲಿಗ್ರಾಫ್, ಬ್ರೇನ್ ಮ್ಯಾಪಿಂಗ್‌ಗೆ ಒಳಪಡಿಸುವಂತಿಲ್ಲ. ಹಾಗೆ ಮಾಡಿದರೆ ಸಂವಿಧಾನದ 20(3) ಮತ್ತು 21ನೇ ವಿಧಿಗಳ ಉಲ್ಲಂಘನೆ. ಒಪ್ಪಿದವರಿಗೂ ವಕೀಲರ ನೆರವು ಸಿಗಬೇಕು, ಒಪ್ಪಿಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು ಎಂಬ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2000ನೇ ಇಸವಿಯ ಮಾರ್ಗಸೂಚಿಗಳನ್ನು ಪಾಲಿಸಬೇಕೆಂದೂ ಹೇಳಿತು. ಕೊಲೆ ಆರೋಪಿಗೇ ಇಷ್ಟು ರಕ್ಷಣೆ ಇರುವ ನಾಡಿನಲ್ಲಿ ಲಗೇಜ್ ಹೇರಲು ಬಂದವನನ್ನು ಯಂತ್ರಕ್ಕೆ ಕಟ್ಟುವ ಮಾತೇ ಇಲ್ಲ.

ಹಾಗಾಗಿ ನಮ್ಮಲ್ಲಿ ನಿಜ ಕೇಳುವ ಕೆಲಸ ಕಾಗದದ ಪಾಲಿಗೆ ಬಂದಿದೆ. ಕೇಂದ್ರ ಸರ್ಕಾರಿ ಕೆಲಸಗಳ ಅಟೆಸ್ಟೇಷನ್ ಫಾರ್ಮ್ ನೋಡಿ. ಯಾವಾಗಲಾದರೂ ಬಂಧನಕ್ಕೆ ಒಳಗಾಗಿದ್ದಿರಾ, ವಶದಲ್ಲಿಟ್ಟಿದ್ದರೇ, ದಂಡ ತೆತ್ತಿದ್ದೀರಾ, ಕೋರ್ಟಿನಲ್ಲಿ ಕೇಸು ಬಾಕಿ ಇದೆಯೇ ಎಂದು ಸಾಲಾಗಿ ಕೇಳುತ್ತದೆ. ಸುಳ್ಳು ಬರೆದರೆ ಕೆಲಸಕ್ಕೇ ಅನರ್ಹ ಎಂಬ ಎಚ್ಚರಿಕೆ ತಲೆಯ ಮೇಲೇ ಅಚ್ಚಾಗಿರುತ್ತದೆ. ಜೆರಾಕ್ಸ್ ಅಂಗಡಿಯ ಕಟ್ಟೆ ಮೇಲೆ ಕೂತು ತುಂಬುವವರ ಪೆನ್ನು ತಡವರಿಸುವುದು ಇಲ್ಲಿಯೇ. ಬದುವಿನ ಜಗಳದಲ್ಲಿ ಅಪ್ಪನ ಜೊತೆ ತನ್ನ ಹೆಸರೂ ದೂರಿನಲ್ಲಿ ಸೇರಿಕೊಂಡಿತ್ತು, ಬರೆಯಬೇಕೋ ಬೇಡವೋ?

ದೇವನಹಳ್ಳಿ ತಾಲ್ಲೂಕಿನಲ್ಲಿ ಇದು ಬರೀ ಊಹೆಯ ಪ್ರಶ್ನೆಯಲ್ಲ. ಏರೋಸ್ಪೇಸ್ ಪಾರ್ಕಿಗಾಗಿ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಸ್ವಾಧೀನಕ್ಕೆ ಸರ್ಕಾರ ಹೊರಟಾಗ ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜೂನ್ 25ರಂದು ದೇವನಹಳ್ಳಿಯಲ್ಲಿ ಪೊಲೀಸರು ಹೋರಾಟಗಾರರನ್ನು ವಶಕ್ಕೆ ಪಡೆದರು. ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಘೋಷಿಸಿತು. ಭೂಮಿಗಾಗಿ ಅಲ್ಲಿ ಘೋಷಣೆ ಕೂಗಿದ ಯುವಕ ನಾಳೆ ಅದೇ ಏರ್‌ಪೋರ್ಟಿನ ಗೇಟಿಗೆ ಕೆಲಸ ಕೇಳಿ ಬಂದರೆ?

ಸರ್ಕಾರಿ ನೌಕರಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಬರೆಯದೆ ಬಿಟ್ಟಿದ್ದರೂ ಕೆಲಸ ಕೊಟ್ಟವರು ಅದನ್ನು ಮನ್ನಿಸಬಹುದು ಎಂದಿತು. ಫಾರ್ಮ್ ಸ್ಪಷ್ಟವಾಗಿ ಕೇಳಿದ್ದನ್ನಷ್ಟೇ ತಿಳಿಸಿದರೆ ಸಾಕು, ಕೇಸು ಇರುವುದೇ ಗೊತ್ತಿಲ್ಲದವನನ್ನು ಮುಚ್ಚಿಟ್ಟವನೆಂದು ದೂರುವಂತಿಲ್ಲ ಎಂದೂ ಹೇಳಿತು. ಆದರೆ ಗಂಭೀರ ಪ್ರಕರಣ ಮುಚ್ಚಿಟ್ಟವರಿಗೆ ಈ ರಿಯಾಯಿತಿ ಇಲ್ಲ. ಏರ್‌ಪೋರ್ಟಿನ ಖಾಸಗಿ ಗುತ್ತಿಗೆ ಕೆಲಸಗಳಿಗೂ ಇದೇ ನ್ಯಾಯ ಸಲ್ಲಬೇಕು. ಫಾರ್ಮಿನ ಜೊತೆಗೆ ಈ ಮಾತುಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೊಡಬೇಕು. ಪಾಸ್ ನಿರಾಕರಿಸಿದರೆ ಯಾಕೆಂದು ಬರೆದು ಕೊಡಬೇಕು.