ಮೌನಕ್ಕೆ ಒಡೆಯರುಂಟೆ?

ರೇಡಿಯೋದಲ್ಲಿ ಹಾಡು ಬರುತ್ತಿರುವಾಗ ಒಮ್ಮೆಲೇ ಸದ್ದು ನಿಂತುಹೋದರೆ ನೀವೇನು ಮಾಡುವಿರಿ? ಎದ್ದು ಹೋಗಿ ತಿರುಪನ್ನು ತಿರುಗಿಸುವಿರಿ. ವಿದ್ಯುತ್ತು ಹೋಯಿತೋ ಏನೋ ಎಂದು ದೀಪದ ಕಡೆ ನೋಡುವಿರಿ. ಆಗ ಯಾರಾದರೂ ಬಂದು, “ಆ ಮೌನವೂ ಒಂದು ಕೃತಿ, ಅದಕ್ಕೊಬ್ಬ ಕರ್ತೃವಿದ್ದಾನೆ, ಅವನ ಅಪ್ಪಣೆಯಿಲ್ಲದೆ ಸುಮ್ಮನಿರುವಂತಿಲ್ಲ” ಎಂದರೆ ನಿಮಗೆ ನಗು ಬಾರದಿರದು. ಆದರೆ 2002ರಲ್ಲಿ ಇಂಗ್ಲೆಂಡಿನಲ್ಲಿ ಹೆಚ್ಚುಕಡಮೆ ಇಂಥದೇ ಒಂದು ತಗಾದೆ ಹುಟ್ಟಿ ಪತ್ರಿಕೆಗಳ ತುಂಬ ಹಬ್ಬಿತು. ಅದರ ಒಳಗನ್ನು ಸ್ವಲ್ಪ ವಿಚಾರಿಸೋಣ.

ಮೊದಲು ಮೂಲ ಕೃತಿಯ ಸಂಗತಿ. ಅಮೆರಿಕದ ಸಂಗೀತಗಾರ ಜಾನ್ ಕೇಜ್ (1912-1992) ಅವರ ರಚನೆಯೊಂದು 1952ರ ಆಗಸ್ಟ್ 29ರಂದು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕಿನಲ್ಲಿ ಮೊದಲ ಬಾರಿಗೆ ಪ್ರಯೋಗವಾಯಿತು. ಡೇವಿಡ್ ಟ್ಯೂಡರ್ ಎಂಬ ವಾದಕರು ಪಿಯಾನೋದ ಮುಂದೆ ಕುಳಿತು, ಅದರ ಮುಚ್ಚಳ ಮುಚ್ಚಿ, ಗಡಿಯಾರ ನೋಡುತ್ತ ಸುಮ್ಮನಿದ್ದರು. 33 ಸೆಕೆಂಡು, 2 ನಿಮಿಷ 40 ಸೆಕೆಂಡು, 1 ನಿಮಿಷ 20 ಸೆಕೆಂಡು ಎಂದು ಮೂರು ಭಾಗ; ಒಟ್ಟು 4 ನಿಮಿಷ 33 ಸೆಕೆಂಡು. ಒಂದು ಸ್ವರವೂ ನುಡಿಯಲಿಲ್ಲ. ಹೊರಗೆ ಗಾಳಿ ಬೀಸಿತು, ಮಾಡಿನ ಮೇಲೆ ಹನಿ ಬಿದ್ದವು, ಸಭಿಕರು ಗೊಣಗಿದರು. ಕೇಜ್ ಅವರ ಮತದಲ್ಲಿ ಕೇಳಬೇಕಾದ ಸಂಗೀತ ಅದೇ ಆಗಿತ್ತು.

ಇದು ಬರಿಯ ಚೇಷ್ಟೆಯಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸದ್ದು ನುಸುಳದಂತೆ ಕಟ್ಟಿದ ಒಂದು ಕೋಣೆಯನ್ನು ಕೇಜ್ ಹೊಕ್ಕಿದ್ದರು. ಅಲ್ಲಿಯೂ ಅವರಿಗೆ ಒಂದು ಏರುದನಿ, ಒಂದು ಇಳಿದನಿ ಕೇಳಿಸಿದವು. ಅವು ತಮ್ಮ ದೇಹದೊಳಗಿನವೇ ಎಂದು ತಿಳಿದಾಗ, ಬದುಕಿರುವವನಿಗೆ ಪೂರ್ಣ ನಿಶ್ಶಬ್ದವೆಂಬುದೇ ಇಲ್ಲವೆಂದು ಅವರು ನಿಶ್ಚಯಿಸಿದರು. ಇದಕ್ಕೂ ಮೊದಲು, 1946ರಲ್ಲಿ, ಅಹಮದಾಬಾದಿನ ಗೀತಾ ಸಾರಾಭಾಯಿಯವರು ನ್ಯೂಯಾರ್ಕಿಗೆ ಹೋಗಿದ್ದಾಗ ಇಬ್ಬರೂ ತಂತಮ್ಮ ದೇಶದ ಸಂಗೀತವನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟರು. ಮನಸ್ಸನ್ನು ಶಾಂತಗೊಳಿಸಿ ದೈವೀ ಪ್ರಭಾವಕ್ಕೆ ಅಣಿಮಾಡುವುದೇ ಸಂಗೀತದ ಉದ್ದೇಶವೆಂದು ಆಕೆ ತಿಳಿಸಿದ ಮಾತು ಕೇಜ್ ಅವರಲ್ಲಿ ನಾಟಿತು.

ಇನ್ನು ತಗಾದೆ. ಇಂಗ್ಲೆಂಡಿನ ಮೈಕ್ ಬ್ಯಾಟ್ ಅವರು 2002ರಲ್ಲಿ ಹೊರತಂದ ಒಂದು ಧ್ವನಿಮುದ್ರಣದಲ್ಲಿ ಎರಡು ಬಗೆಯ ಹಾಡುಗಳ ನಡುವೆ ಒಂದು ನಿಮಿಷ ಮೌನವನ್ನಿಟ್ಟು, ಕರ್ತೃಗಳೆಂದು ತಮ್ಮ ಹೆಸರಿನೊಡನೆ ಕೇಜ್ ಹೆಸರನ್ನೂ ಹಾಸ್ಯಕ್ಕಾಗಿ ಸೇರಿಸಿದರು. ಕೇಜ್ ಕೃತಿಗಳ ಪ್ರಕಾಶಕರು ಹಕ್ಕಿನ ಮಾತೆತ್ತಿದರು. ಲಕ್ಷಗಟ್ಟಲೆ ಪೌಂಡು ಕೊಟ್ಟು ರಾಜಿಯಾಯಿತೆಂದು ಸುದ್ದಿ ಹಬ್ಬಿತು. ತಾವು ಕೊಟ್ಟದ್ದು 1,000 ಪೌಂಡು ಮಾತ್ರ, ಉಳಿದದ್ದೆಲ್ಲ ಪ್ರಚಾರದ ಸದ್ದು ಎಂದು 2010ರಲ್ಲಿ ಬ್ಯಾಟ್ ಅವರೇ ಹೇಳಿದರು.

ಹಣದ ಮಾತು ಹಾಗಿರಲಿ, ವಾದದ ಮಾತನ್ನು ನೋಡಿ. ಬ್ಯಾಟ್ ಕದ್ದದ್ದು 273 ಸೆಕೆಂಡುಗಳ ಪೈಕಿ ಯಾವ 60 ಸೆಕೆಂಡು? ಮೊದಲಿನದೋ ನಡುವಿನದೋ? ಗುರುತಿಸುವ ಬಗೆಯೆಂತು? ಕೇಜ್ ಅವರ ಕೃತಿಯಲ್ಲಿ ಕೇಳಿಸುವುದು ಆಯಾ ಸಭೆಯ, ಆಯಾ ಹೊತ್ತಿನ ಸದ್ದು. ಅದು ಇನ್ನೊಮ್ಮೆ ಬಾರದು. ಎರಡನೆಯ ಸಲ ಬಾರದ್ದನ್ನು ನಕಲು ಮಾಡುವುದು ಹೇಗೆ? ಮೌನಕ್ಕೆ ಮೊದಲು ಬಂದವರೇ ಒಡೆಯರೆಂದರೂ ವಾದ ನಿಲ್ಲದು. ಫ್ರಾನ್ಸಿನ ಆಲ್ಫೋನ್ಸ್ ಅಲ್ಲೆ 1897ರಲ್ಲೇ ಒಬ್ಬ ಕಿವುಡನ ಶವಯಾತ್ರೆಗೆಂದು ಸ್ವರವಿಲ್ಲದ ಖಾಲಿ ಗೆರೆಗಳನ್ನು ಅಚ್ಚುಹಾಕಿಸಿದ್ದರು. 1919ರಲ್ಲಿ ಎರ್ವಿನ್ ಶುಲ್‌ಹಾಫ್ ವಿರಾಮದ ಚಿಹ್ನೆಗಳಿಂದಲೇ ಒಂದು ರಚನೆ ಮಾಡಿದ್ದರು. ಹಾಗಾದರೆ ಕೇಜ್ ಅವರೇ ಇವರಿಗೆ ತೆರಬೇಕಾದೀತು!

ನಮ್ಮ ನ್ಯಾಯಾಲಯಗಳಿಗೂ ಈ ವಿವೇಕ ಹೊಸದಲ್ಲ. ತಮ್ಮ ನಾಟಕದ ವಸ್ತುವನ್ನು ಚಲನಚಿತ್ರವೊಂದಕ್ಕೆ ಕದ್ದರೆಂದು ಆರ್. ಜಿ. ಆನಂದ್ ಅವರು ಹೂಡಿದ್ದ ವ್ಯಾಜ್ಯದಲ್ಲಿ, ಸ್ವಾಮ್ಯವಿರುವುದು ಭಾವನೆಗಾಗಲಿ ವಸ್ತುವಿಗಾಗಲಿ ಅಲ್ಲ, ಅದನ್ನು ಹೇಳಿದ ರೀತಿಗೆ ಎಂದು ಸುಪ್ರೀಂ ಕೋರ್ಟು 1978ರಲ್ಲಿ ತೀರ್ಪಿತ್ತಿತು. ಕೇಜ್ ಅವರು ಬರೆದ ಹಾಳೆ, ಅದರಲ್ಲಿನ ಸೂಚನೆ, ಅವರ ಹೆಸರು, ಇವುಗಳಿಗೆ ರಕ್ಷಣೆ ಕೇಳಬಹುದು. ಮೌನಕ್ಕೆ ಕೇಳುವುದು ಮೊಲದ ಕೊಂಬಿಗೆ ಬೇಲಿ ಹಾಕಿದಂತೆ.

ಹಾಗೆಂದು ಮೌನ ಬೆಲೆಯಿಲ್ಲದ್ದೇನೂ ಅಲ್ಲ. ವ್ಯಾಕರಣದಲ್ಲಿ ಲೋಪಸಂಧಿಯನ್ನು ಕಲಿತಿದ್ದೀರಷ್ಟೆ. ‘ಊರು’, ‘ಅಲ್ಲಿ’ ಕೂಡಿ ‘ಊರಲ್ಲಿ’ ಆದಾಗ ಒಂದು ಉಕಾರ ಬಿಟ್ಟುಹೋಗುತ್ತದೆ. ಅಕ್ಕಪಕ್ಕದ ಅಕ್ಷರಗಳಿರುವುದರಿಂದಲೇ ಆ ಲೋಪ ನಮಗೆ ತಿಳಿಯುತ್ತದೆ. ಆದಿತಾಳವನ್ನು ಕೈಯಲ್ಲಿ ಹಾಕಿ ನೋಡಿ: ಎಂಟು ಕ್ರಿಯೆಗಳಲ್ಲಿ ಪೆಟ್ಟು ಮೂರೇ, ಮೂರು ಬೆರಳೆಣಿಕೆ, ಎರಡು ಹುಸಿ, ಹೀಗೆ ಐದು ನಿಶ್ಶಬ್ದ. ಆ ಐದಿಲ್ಲದೆ ತಾಳ ನಿಲ್ಲದು. ಆದರೂ ಹುಸಿ ತನ್ನದೆಂದು ಯಾವ ವಿದ್ವಾಂಸರೂ ಹೇಳಿಲ್ಲ.

2004ರ ಜನವರಿಯಲ್ಲಿ ಬಿ.ಬಿ.ಸಿ. ರೇಡಿಯೋ 3 ಕೇಜ್ ಅವರ ಈ ಕೃತಿಯನ್ನು ವಾದ್ಯವೃಂದದೊಡನೆ ನೇರವಾಗಿ ಬಿತ್ತರಿಸಿತು. ಸದ್ದು ನಿಂತರೆ ತಾನಾಗಿ ಬೇರೆ ಸಂಗೀತ ಹಾಕುವ ಯಂತ್ರವನ್ನು ಅಂದು ಮೊದಲೇ ಆರಿಸಬೇಕಾಯಿತು. ಯಂತ್ರಕ್ಕೆ ಅದು ಕೆಟ್ಟುಹೋದ ಗುರುತು. ಕೇಳಲೆಂದು ಕುಳಿತವರಿಗೆ ಕೃತಿ. ಹೀಗೆ ಮೌನಕ್ಕೆ ಅರ್ಥ ಬರುವುದು ಕೇಳುವವರಿಂದ.

ವಾಚಕರೆ, ಹಾಡು ಕಟ್ಟಿ ಬದುಕುವವರಿಗೆ ಅವರ ಕೃತಿಯ ಸ್ವಾಮ್ಯವೆಂಬುದು ಅನ್ನದ ಪ್ರಶ್ನೆ. ಅದನ್ನು ನಾವು ಗೌರವಿಸಲೇಬೇಕು. ಆ ಗೌರವ ಉಳಿಯಬೇಕಾದರೆ ಸ್ವಾಮ್ಯಕ್ಕೊಂದು ಗಡಿಯೂ ಇರಬೇಕು. ರಾಗ, ತಾಳ, ವಿರಾಮಗಳು ಊರ ಕೆರೆಯ ನೀರು. ನೀರು ತಂದು ಮಾಡಿದ ಅಡಿಗೆ ಮಾಡಿದವರದು, ಕೆರೆ ಊರಿನದು. ಕೆರೆಗೇ ಬೀಗ ಹಾಕಿದರೆ ನಾಳೆ ಹಾಡಲು ಬರುವ ಮಗು ಯಾವ ಬಾಗಿಲಲ್ಲಿ ಬೇಡಬೇಕು?