ನಿಮಗಿದು ಗೊತ್ತೇ? ಅರೆಬೆಂದ ಮಾಂಸ ಹೊಟ್ಟೆಗಿಳಿದ ಮೇಲೆ

ಕಬಾಬಿನ ಲೆಗ್‌ಪೀಸ್ ಕಚ್ಚಿದ್ದೀರಿ. ಹೊರಗೆಲ್ಲ ಗರಿಗರಿ, ಒಳಗೆ ಮಾಂಸ ಇನ್ನೂ ಮೆತ್ತಗೆ, ಹೊಳಪಾಗಿ, ಎಳೆಯಲು ಹೋದರೆ ರಬ್ಬರಿನ ಹಾಗೆ ಜಗ್ಗುತ್ತಿದೆ. ಅಷ್ಟರಲ್ಲಿ ಎರಡು ತುತ್ತು ಒಳಗೆ ಹೋಗಿಯಾಗಿದೆ. ಗಂಟಲಿಗೆ ಬೆರಳು ಹಾಕಿ ಕಕ್ಕಬೇಕಾಗಿಲ್ಲ, ಅದರಿಂದ ಪ್ರಯೋಜನವೂ ಇಲ್ಲ. ಅರೆಬೆಂದದ್ದನ್ನು ತಿಂದವರೆಲ್ಲ ಕಾಯಿಲೆ ಬೀಳುವುದಿಲ್ಲ. ಆ ತುಂಡಿನಲ್ಲಿ ರೋಗಾಣು ಇರಬೇಕು, ಸಾಕಷ್ಟು ಇರಬೇಕು, ಜಠರದ ಆಮ್ಲ ದಾಟಿ ಕರುಳು ಮುಟ್ಟಬೇಕು. ಹಾಗಂತ ಬೆಳಗ್ಗೆ ಹೊಟ್ಟೆ ಸರಿ ಇದೆಯೆಂದು ನಿಶ್ಚಿಂತರಾಗಲೂ ಬೇಡಿ.

ಯಾಕೆಂದರೆ ಪ್ರತಿ ರೋಗಾಣುವಿಗೂ ಅದರದ್ದೇ ಗಡಿಯಾರವಿದೆ. ಸಾಲ್ಮೊನೆಲ್ಲಾ 6 ಗಂಟೆಯಿಂದ 6 ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಕೋಳಿಮಾಂಸದಲ್ಲಿ ಹೆಚ್ಚಾಗಿರುವ ಕ್ಯಾಂಪಿಲೋಬ್ಯಾಕ್ಟರ್‌ಗೆ 2ರಿಂದ 5 ದಿನ. ಇ. ಕೋಲೈ ಒ157ಕ್ಕೆ ಸಾಮಾನ್ಯವಾಗಿ 3-4 ದಿನ. ಲಾಡಿಹುಳುವಾದರೆ ಕರುಳಿನಲ್ಲಿ ಬೆಳೆದು ನಿಲ್ಲಲು ತಿಂಗಳುಗಳೇ ಬೇಕು.

ಊಟವಾಗಿ ಎರಡೇ ಗಂಟೆಗೆ ವಾಂತಿ ಶುರುವಾಯಿತೇ? ಹಾಗಿದ್ದರೆ ಅನುಮಾನ ಬೇಯದ ಮಾಂಸದ ಮೇಲಲ್ಲ, ಬೆಂದ ಮೇಲೆ ಹೊತ್ತುಗಟ್ಟಲೆ ಹೊರಗಿಟ್ಟ ಅಡುಗೆಯ ಮೇಲೆ. ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಅಂಥ ಅಡುಗೆಯಲ್ಲಿ ಬಿಡುವ ವಿಷ ಅರ್ಧ ಗಂಟೆಯಿಂದ 8 ಗಂಟೆಯೊಳಗೆ ಕೆಲಸ ತೋರಿಸುತ್ತದೆ. ಮತ್ತೆ ಕುದಿಸಿದರೂ ಆ ವಿಷ ಹೋಗುವುದಿಲ್ಲ. ವೈದ್ಯರ ಹತ್ತಿರ ಹೋದಾಗ ನಿನ್ನೆಯದು ಮಾತ್ರವಲ್ಲ, ವಾರದ ಊಟವನ್ನೆಲ್ಲ ನೆನಪಿಸಿಕೊಂಡು ಹೇಳಬೇಕಾದ್ದು ಒಂದೊಂದು ರೋಗಾಣುವಿನ ಗಡಿಯಾರ ಒಂದೊಂದು ಬಗೆಯಾಗಿರುವುದಕ್ಕೇ.

ತಟ್ಟೆಯಲ್ಲಿ ಒಸರುವ ಕೆಂಪು ನೀರು ರಕ್ತವಲ್ಲ. ಅದು ಮಯೋಗ್ಲೋಬಿನ್, ಸ್ನಾಯುವಿನಲ್ಲೇ ಇರುವ ಬಣ್ಣದ ಪ್ರೋಟೀನ್.

ಬಣ್ಣ ನೋಡಿ ಬೆಂದಿದೆಯೋ ಇಲ್ಲವೋ ತೀರ್ಮಾನಿಸುವ ನಮ್ಮ ರೂಢಿ ಎರಡೂ ಕಡೆ ಕೈಕೊಡುತ್ತದೆ. ಬ್ರಾಯ್ಲರ್ ಎಳೆ ಕೋಳಿ. ಮೂಳೆ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮಜ್ಜೆಯ ಬಣ್ಣ ಹೊರಗೆ ಜಿನುಗಿ, ಚೆನ್ನಾಗಿ ಬೆಂದ ತುಂಡೂ ಮೂಳೆಯ ಸುತ್ತ ಕೆಂಪಗೆ ಕಾಣಬಹುದು. ಇನ್ನೊಂದು ಕಡೆ, ಖೀಮಾ ಬೇಯುವ ಮೊದಲೇ ಕಂದು ಬಣ್ಣಕ್ಕೆ ತಿರುಗಬಹುದು. ಕಬಾಬಿಗೆ ಕೆಂಪು ಬಣ್ಣ ಬಳಿದರಂತೂ ಕಣ್ಣಿಗೆ ಏನೂ ತಿಳಿಯದು. ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ಬಣ್ಣದಲ್ಲಿರುವ ರಾಸಾಯನಿಕದ ಕಾರಣಕ್ಕೆ. ಕಣ್ಣಿಗೆ ಒಂದು ಗೊಂದಲ ಕಡಿಮೆಯಾದದ್ದೂ ಅದರ ಜೊತೆಗೆ ಸಿಕ್ಕ ಅನುಕೂಲ ಎನ್ನುತ್ತೇನೆ.

ನಂಬಬೇಕಾದ್ದು ಬಿಸಿಯನ್ನು. ಕೋಳಿಯ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಕುರಿ, ದನದ ಖೀಮಾ 71. ಅಡುಗೆಯ ಥರ್ಮಾಮೀಟರನ್ನು ಮೂಳೆಗೆ ತಾಗದಂತೆ ತುಂಡಿನ ದಪ್ಪ ಭಾಗಕ್ಕೆ ಚುಚ್ಚಿ ನೋಡಬೇಕು.

ಕುರಿ, ದನದ ಇಡೀ ತುಂಡಿಗಿಂತ ಅದೇ ಮಾಂಸದ ಖೀಮಾಕ್ಕೆ ಹೆಚ್ಚು ಬಿಸಿ ಯಾಕೆ? ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಬಹುತೇಕ ಮೇಲ್ಮೈಯಲ್ಲೇ ಇರುತ್ತವೆ, ಕಾದ ತವಾ ತಾಗಿದೊಡನೆ ಸಾಯುತ್ತವೆ. ಕೊಚ್ಚಿದಾಗ ಹೊರಗಿನದೆಲ್ಲ ಒಳಗೆ ಸೇರಿಕೊಳ್ಳುತ್ತದೆ. 1993ರಲ್ಲಿ ಅಮೆರಿಕದ ನಾಲ್ಕು ರಾಜ್ಯಗಳಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದು 700ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಸತ್ತ ನಾಲ್ವರೂ ಮಕ್ಕಳು. ಇದಕ್ಕೆ ಕಾರಣವಾದ ಇ. ಕೋಲೈ ಒ157ರ ವಿಷ ಕರುಳಿನಲ್ಲೇ ನಿಲ್ಲದೆ ಮೂತ್ರಪಿಂಡಕ್ಕೂ ಏರಬಲ್ಲದು. ಅದರ ಪೆಟ್ಟು ಹೆಚ್ಚಾಗಿ ತಿನ್ನುವುದು ಐದು ವರ್ಷದೊಳಗಿನ ಮಕ್ಕಳು. ಮನೆಯಲ್ಲಿ ಖೀಮಾ ಕಟ್ಲೆಟ್ ಕರಿಯುವವರು ದಯವಿಟ್ಟು ಮೊದಲ ಒಂದರ ನಡುವೆ ಥರ್ಮಾಮೀಟರ್ ಚುಚ್ಚಿ ನೋಡಿ, ಆಮೇಲೆ ಮಗುವಿನ ತಟ್ಟೆಗೆ ಹಾಕಿ.

ಕುಕ್ಕರ್ ಈ ಮಟ್ಟಿಗೆ ನಮ್ಮ ದೊಡ್ಡ ರಕ್ಷಣೆ. ಒಳಗಿನ ಶಾಖ 120 ಡಿಗ್ರಿಯ ಹತ್ತಿರ ಹೋಗುತ್ತದೆ. ನಾಟಿಕೋಳಿ ಸಾರು, ಮಟನ್ ಸಾರಿನಲ್ಲಿ ಹಸಿ ಉಳಿಯುವ ಭಯ ಕಡಿಮೆ. ಹುಷಾರಾಗಿರಬೇಕಾದ್ದು ಕಬಾಬ್, ತಂದೂರಿ, ಕೆಂಡದ ಮೇಲೆ ಸುಡುವ ತುಂಡುಗಳಲ್ಲಿ.

ಹುಳಿ ಹಾಕಿ ನೆನೆಸಿಟ್ಟರೆ ಬೆಂದ ಹಾಗಲ್ಲ. ನಿಂಬೆರಸ, ಮೊಸರು ಮಾಂಸವನ್ನು ಮೆದು ಮಾಡುತ್ತವೆ, ರೋಗಾಣುಗಳನ್ನು ಪೂರ್ತಿ ಕೊಲ್ಲಲಾರವು. ಕೊಡಗಿನ ಪಂದಿ ಕರಿಗೆ ಕಾಚಂಪುಳಿ ಎಷ್ಟೇ ಬಿದ್ದರೂ ಹಂದಿಮಾಂಸ ಒಲೆಯ ಮೇಲೆ ನಿಧಾನಕ್ಕೆ ಬೇಯಲೇಬೇಕು.

ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಬ್ಯಾಕ್ಟೀರಿಯಾ ಹೋಗುವುದಿಲ್ಲ, ಸಿಡಿದ ಹನಿಯೊಂದಿಗೆ ಪಕ್ಕದ ಕೊತ್ತಂಬರಿ ಸೊಪ್ಪಿಗೂ ಹತ್ತುತ್ತದೆ. ಸೊಪ್ಪನ್ನು ನಾವು ಬೇಯಿಸುವುದಿಲ್ಲವಲ್ಲ!

ಮಾಂಸದಿಂದ ಬರುವುದು ಬ್ಯಾಕ್ಟೀರಿಯಾ ಮಾತ್ರವಲ್ಲ, ಹುಳುಗಳೂ ಉಂಟು. 1835ರಲ್ಲಿ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ಶವ ಕೊಯ್ಯುತ್ತಿದ್ದ ಜೇಮ್ಸ್ ಪ್ಯಾಜೆಟ್ ಎಂಬ ವೈದ್ಯ ವಿದ್ಯಾರ್ಥಿ ಸ್ನಾಯುವಿನಲ್ಲಿ ಬಿಳಿ ಚುಕ್ಕೆಗಳನ್ನು ಕಂಡ. ಸೂಕ್ಷ್ಮದರ್ಶಕದ ಕೆಳಗೆ ಪ್ರತಿ ಚುಕ್ಕೆಯೊಳಗೂ ಸುರುಳಿ ಸುತ್ತಿಕೊಂಡ ಹುಳು! ಅದೇ ಟ್ರೈಕಿನೆಲ್ಲಾ. ಹಂದಿಮಾಂಸದಿಂದ ಬರುವ ಈ ಹುಳು 1865ರಲ್ಲಿ ಜರ್ಮನಿಯ ಹೆಡರ್ಸ್‌ಲೆಬೆನ್ ಎಂಬ ಒಂದೇ ಹಳ್ಳಿಯಲ್ಲಿ ನೂರರಷ್ಟು ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿಯವರು ಹಂದಿಯ ಖೀಮಾವನ್ನು ಹಸಿಯಾಗಿಯೇ ತಿನ್ನುತ್ತಿದ್ದರು.

ಹಸಿ ಮಾಂಸದ ರುಚಿ ಜಪಾನಿನಲ್ಲೂ ಇತ್ತು. ಅಲ್ಲಿ ಹಸಿ ದನದ ಯಕೃತ್ತನ್ನು ಹೋಟೆಲುಗಳಲ್ಲಿ ಬಡಿಸುವುದು 2012ರಿಂದ, ಹಸಿ ಹಂದಿಮಾಂಸ 2015ರಿಂದ ನಿಷಿದ್ಧ.

ಮಾಂಸವನ್ನೇ ಮುಟ್ಟದವರ ಮಿದುಳಿಗೂ ಹಂದಿಯ ಲಾಡಿಹುಳು ಸೇರಬಲ್ಲದು. ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ, ಅದರ ಮೊಟ್ಟೆ ಮಲದೊಂದಿಗೆ ಹೊರಬೀಳುತ್ತದೆ. ತೊಳೆಯದ ಕೈ, ಕೊಳೆನೀರು ಹಾಯ್ದ ತರಕಾರಿಯ ಮೂಲಕ ಆ ಮೊಟ್ಟೆ ಹೊಟ್ಟೆ ಸೇರಿದರೆ ಮರಿಗಳು ಮಿದುಳಿನಲ್ಲಿ ಗಂಟು ಕಟ್ಟುತ್ತವೆ. ಭಾರತದಲ್ಲಿ ಫಿಟ್ಸ್ ಬರಲು ಇದೊಂದು ಮುಖ್ಯ ಕಾರಣ. ನ್ಯೂಯಾರ್ಕಿನಲ್ಲಿ ಹಂದಿಮಾಂಸ ಮುಟ್ಟದ ಸಂಪ್ರದಾಯಸ್ಥ ಯಹೂದಿ ಮನೆಗಳಲ್ಲಿ ಇದು ಕಾಣಿಸಿಕೊಂಡಾಗ ವೈದ್ಯರೇ ಬೆರಗಾಗಿ, 1992ರಲ್ಲಿ ವರದಿ ಪ್ರಕಟಿಸಿದರು.

ಗರ್ಭಿಣಿಯರಿಗೆ ಒಂದು ವಿಶೇಷ ಎಚ್ಚರಿಕೆ. ಅರೆಬೆಂದ ಮಾಂಸದಲ್ಲಿರಬಹುದಾದ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ತಾಯಿಗೆ ಜ್ವರದ ಸುಳಿವನ್ನೂ ಕೊಡದೆ ಮಗುವಿನ ಕಣ್ಣು, ಮಿದುಳಿಗೆ ಹಾನಿ ಮಾಡಬಲ್ಲದು. ತಿಂದದ್ದು ಹಸಿಯಾಗಿತ್ತು ಎನಿಸಿದರೆ ಲಕ್ಷಣಕ್ಕಾಗಿ ಕಾಯದೆ ವೈದ್ಯರಿಗೆ ಹೇಳಿ.

ಉಳಿದವರು ಆಸ್ಪತ್ರೆಗೆ ಓಡಬೇಕಾದ್ದು ಯಾವಾಗ? ಮಲದಲ್ಲಿ ರಕ್ತ ಕಂಡಾಗ, ಜ್ವರ 102 ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗ, ಭೇದಿ ಮೂರು ದಿನವಾದರೂ ನಿಲ್ಲದಾಗ, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಾಗ, ಮೂತ್ರ ತೀರಾ ಕಡಿಮೆಯಾದಾಗ. ಅಲ್ಲಿಯವರೆಗೆ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯುತ್ತಿರಿ. ರಕ್ತಭೇದಿ ಇದ್ದರೆ ಮೆಡಿಕಲ್ ಶಾಪಿನಿಂದ ಭೇದಿ ನಿಲ್ಲಿಸುವ ಮಾತ್ರೆಯನ್ನಾಗಲಿ, ಆ್ಯಂಟಿಬಯೋಟಿಕ್ಕನ್ನಾಗಲಿ ನೀವೇ ತಂದು ನುಂಗಬೇಡಿ, ಇ. ಕೋಲೈ ಒ157 ಆಗಿದ್ದರೆ ಮೂತ್ರಪಿಂಡದ ಅಪಾಯ ಹೆಚ್ಚಬಹುದು.

ಇನ್ನೊಂದು ಸಂಗತಿ. ಕ್ಯಾಂಪಿಲೋಬ್ಯಾಕ್ಟರ್ ತಗುಲಿದ ಸಾವಿರದಲ್ಲಿ ಸುಮಾರು ಒಬ್ಬರಿಗೆ, ಹೊಟ್ಟೆಯೆಲ್ಲ ವಾಸಿಯಾಗಿ ಒಂದೆರಡು ವಾರಗಳಾದ ಮೇಲೆ ಕಾಲಲ್ಲಿ ಜೋಮು ಹಿಡಿದು ಬಲ ಕುಂದಲು ಶುರುವಾಗುತ್ತದೆ. ಗಿಲಾನ್-ಬಾರೆ ಎಂಬ ಈ ನರದ ಕಾಯಿಲೆ ಉಸಿರಾಟದ ಸ್ನಾಯುಗಳವರೆಗೂ ಏರಬಹುದು. ಮೆಟ್ಟಿಲು ಹತ್ತಲು ಕಾಲು ಏಳದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಹಿಂದೆ ಆದ ಭೇದಿಯ ವಿಷಯವನ್ನು ಮರೆಯದೆ ತಿಳಿಸಿ.