ಹೊಟ್ಟಿನ ಉರಿ, ಹೊಗೆಯ ಲೆಕ್ಕ

ಭದ್ರಾ ನಾಲೆಯ ನೀರಿನಲ್ಲಿ ಬೆಳೆಯುವ ದಾವಣಗೆರೆ, ಹರಿಹರ ಸೀಮೆಯ ಭತ್ತವು ಗಿರಣಿಯಲ್ಲಿ ಅಕ್ಕಿಯಾಗುವಾಗ ಅದರ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಹೊಟ್ಟಾಗಿ ಉಳಿಯುತ್ತದೆ. ದಾವಣಗೆರೆಗೆ ಹೆಸರು ತಂದ ಮಂಡಕ್ಕಿ ಭಟ್ಟಿಯಲ್ಲಿ ಆ ಹೊಟ್ಟು ಉರುವಲಾಗುವುದರಿಂದ, ಅಕ್ಕಿಯನ್ನು ಅರಳಿಸುವ ಉಷ್ಣವನ್ನು ಅದರ ಸಿಪ್ಪೆಯೇ ಒದಗಿಸಿದಂತಾಗುತ್ತದೆ.

ಗಾಳಿಗೆ ತೆರೆದ ಒಲೆಯಲ್ಲಿ ಒತ್ತಡ ಬದಲಾಗುವುದಿಲ್ಲ. ಹೀಗೆ ಸ್ಥಿರ ಒತ್ತಡದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯು ಹೊರಬಿಡುವ ಅಥವಾ ಹೀರಿಕೊಳ್ಳುವ ಉಷ್ಣವನ್ನು ಎಂಥಾಲ್ಪಿ ವ್ಯತ್ಯಾಸ ಎನ್ನುತ್ತಾರೆ. ಒಂದು ವಸ್ತು ತನ್ನ ಮೂಲಧಾತುಗಳಿಂದ ಉಂಟಾಗುವಾಗಿನ ವ್ಯತ್ಯಾಸವೇ ಅದರ ಉತ್ಪತ್ತಿ ಎಂಥಾಲ್ಪಿ. ಹೊಟ್ಟಿನ ಮುಖ್ಯ ಘಟಕವಾದ ಸೆಲ್ಯುಲೋಸಿನ 162 ಗ್ರಾಂ, ಅಂದರೆ ಅದರ ಘಟಕದ ಒಂದು ಮೋಲ್, ಪೂರ್ತಿಯಾಗಿ ಉರಿದರೆ ಆರು ಮೋಲ್ ಇಂಗಾಲದ ಡೈಆಕ್ಸೈಡ್ ಮತ್ತು ಐದು ಮೋಲ್ ನೀರು ದೊರೆಯುತ್ತವೆ. ಇವುಗಳ ಉತ್ಪತ್ತಿಯಲ್ಲಿ ಮೋಲೊಂದಕ್ಕೆ ಕ್ರಮವಾಗಿ 393.5 ಮತ್ತು 285.8 ಕಿಲೋಜೌಲ್ ಉಷ್ಣ ಹೊರಬರುವುದರಿಂದ ಒಟ್ಟು 3,790 ಕಿಲೋಜೌಲ್ ಆಗುತ್ತದೆ. ಸೆಲ್ಯುಲೋಸ್ ಉಂಟಾಗುವಾಗಲೇ ಹೊರಹೋಗಿದ್ದ ಸುಮಾರು 963ನ್ನು ಕಳೆದರೆ ಉಳಿಯುವುದು 2,827, ಎಂದರೆ ಕಿಲೋಗ್ರಾಮಿಗೆ ಸುಮಾರು 17,400 ಕಿಲೋಜೌಲ್. ಉರಿಯದ ಸಿಲಿಕಾ ಬೆರೆತಿರುವ ನಿಜವಾದ ಹೊಟ್ಟಿನಿಂದ ಸಿಗುವುದು ಸ್ಥೂಲವಾಗಿ 13,000ದಿಂದ 15,000.

ಈ ಲೆಕ್ಕದ ಬೆರಗು ಇರುವುದು ಅರೆಬೆಂದ ಉರಿಯಲ್ಲಿ. ಗಾಳಿ ಸಾಲದಾದಾಗ ಇಂಗಾಲವು ಮಾನಾಕ್ಸೈಡ್ ಆಗಿ ನಿಂತುಬಿಡುತ್ತದೆ. ಆದರೆ ಪ್ರಯೋಗಶಾಲೆಯಲ್ಲಿ ಇಂಗಾಲವನ್ನು ಉರಿಸಿದಾಗ ಜೊತೆಗೇ ಒಂದಿಷ್ಟು ಡೈಆಕ್ಸೈಡ್ ಹುಟ್ಟಿಯೇ ತೀರುವುದರಿಂದ, ಆ ಅರ್ಧ ಹಾದಿಯ ಉಷ್ಣವೊಂದನ್ನೇ ನೇರವಾಗಿ ಅಳೆಯುವುದು ಬಹಳ ಕಷ್ಟ. ಜಿನೀವಾದಲ್ಲಿ ಹುಟ್ಟಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದುಡಿದ ಜರ್ಮೇನ್ ಹೆಸ್ 1840ರಲ್ಲಿ ಮಂಡಿಸಿದ ನಿಯಮದಂತೆ, ಆರಂಭ ಮತ್ತು ಅಂತ್ಯ ಒಂದೇ ಆಗಿದ್ದರೆ ಹಾದಿ ಯಾವುದಾದರೂ ಒಟ್ಟು ಉಷ್ಣ ಬದಲಾಗದು. ಇಂಗಾಲ ಪೂರ್ತಿ ಉರಿದಾಗಿನ 393.5ರಿಂದ ಮಾನಾಕ್ಸೈಡ್ ಉರಿದಾಗಿನ 283ನ್ನು ಕಳೆದರೆ ಆ ಅರ್ಧ ಹಾದಿಯ 110.5 ತಾನಾಗಿ ದೊರೆಯುತ್ತದೆ. ಮಾನಾಕ್ಸೈಡಾಗಿ ಹೊರಬಿದ್ದ ಇಂಗಾಲವು ತನ್ನ ಉಷ್ಣದಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚನ್ನು ಚಿಮಣಿಯ ಪಾಲು ಮಾಡುತ್ತದೆಂಬುದು ಇದರಿಂದ ತಿಳಿಯುತ್ತದೆ. ಆ ಅನಿಲವು ಭಟ್ಟಿಯ ಮುಂದೆ ದಿನವಿಡೀ ದುಡಿಯುವವರ ಉಸಿರಿಗೂ ವಿಷವಾದ್ದರಿಂದ, ಗಾಳಿಯ ಕಿಂಡಿಯನ್ನು ಸರಿಯಾಗಿ ಇಡುವುದು ಉರುವಲಿನ ಉಳಿತಾಯಕ್ಕಿಂತ ದೊಡ್ಡ ವಿಷಯ.

ಕಾದ ಮರಳಿನಲ್ಲಿ ಒಂದು ಕಿಲೋ ಅಕ್ಕಿಯನ್ನು ಇನ್ನೂರು ಡಿಗ್ರಿಗೆ ಏರಿಸಿ, ಅದರೊಳಗಿನ ನೂರು ಗ್ರಾಂ ತೇವವನ್ನು ಆವಿಯಾಗಿಸಲು ತಾತ್ವಿಕವಾಗಿ ಬೇಕಾಗುವುದು ಸುಮಾರು 500 ಕಿಲೋಜೌಲ್ ಮಾತ್ರ. ಅದನ್ನು ನಲವತ್ತು ಗ್ರಾಂ ಹೊಟ್ಟೇ ಕೊಡಬಲ್ಲದು. ಆದರೆ ಭಟ್ಟಿಯ ಗೋಡೆ, ಬಾಣಲೆ, ಚಿಮಣಿಯ ಬಿಸಿಗಾಳಿ ಎಲ್ಲವೂ ತಮ್ಮ ಪಾಲನ್ನು ಕೇಳುತ್ತವೆ. ಕೊನೆಗೆ ಉಳಿಯುವ ಬೂದಿಯ ಬಹುಭಾಗ ಸಿಲಿಕಾ. ಆಗಲೇ ಆಮ್ಲಜನಕದೊಡನೆ ಕೂಡಿಕೊಂಡಿರುವ ಅದರಿಂದ ಇನ್ನು ಉರಿ ಹೊರಡದು. ಬೂದಿ ಬೆಳ್ಳಗಿರದೆ ಕಪ್ಪಾಗಿದ್ದರೆ ಮಾತ್ರ, ಅದರಲ್ಲಿರುವ ಪ್ರತಿ ಹನ್ನೆರಡು ಗ್ರಾಂ ಇಂಗಾಲವೂ 393.5 ಕಿಲೋಜೌಲನ್ನು ತನ್ನೊಳಗಿಟ್ಟುಕೊಂಡೇ ಭಟ್ಟಿಯಿಂದ ಹೊರಬಿದ್ದಿರುತ್ತದೆ.